ಬೂದಿ ಹಾಸಿದ ಓಣಿ

ಹರಿಹರದಿಂದ ರಹಮತ್ ಬೀ ಬಂದ ದಿನ ಭಟ್ಟಿ ಓಣಿಯಲ್ಲಿ ಮೊಣಕಾಲುದ್ದ ಕೆಸರಿತ್ತು. ದಾವಣಗೆರೆಗೆಲ್ಲ ಮಂಡಕ್ಕಿ ಹುರಿದು ಕೊಡುವವರ ಓಣಿ ಅದು. ಒಳಗೆ ಬಂದರೆ ಗಾಲಿ ವಾಪಸ್ ಬರುವುದಿಲ್ಲವೆಂದು ಜಟಕಾದವನು ಓಣಿಯ ಬಾಯಲ್ಲೇ ಇಳಿಸಿಬಿಟ್ಟಿದ್ದ. ಆಕೆಯ ಸೊಸೆ ಜೈನಾಬಿಯ ತವರುಮನೆ ಇದ್ದದ್ದು ಓಣಿಯ ತುದಿಯಲ್ಲಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಆಕೆಯ ಒಂದು ಚಪ್ಪಲಿ ಕೆಸರಿನ ಪಾಲಾಗಿತ್ತು.

ಚಹಾ ಕುಡಿದು ಆಕೆ ಆಡಿದ ಮಾತು ಜಗಳದ್ದಲ್ಲ. ಜೈನಾಬಿಯ ತಮ್ಮ ಸಿಕಂದರನಿಗೆ ಹೆಚ್ಚು ಉರಿದದ್ದೇ ಅದಕ್ಕೆ. ಸೊಸೆಗೆ ಇದು ಚೊಚ್ಚಲು, ತವರಿಗೆ ಕಳಿಸಬೇಕೆಂಬ ಆಸೆ ತನಗೂ ಇದೆ. ಆದರೆ ನೋವು ಬಂದ ಹೊತ್ತಿನಲ್ಲಿ ಈ ಕೆಸರೊಳಗೆ ಹುಡುಗಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುವವರು ಯಾರು? ಜಟಕಾ ಬಾಗಿಲ ತನಕ ಬರುವಂತಾದರೆ ತಾನೇ ಕರೆತರುತ್ತೇನೆ, ಇಲ್ಲದಿದ್ದರೆ ಬಾಣಂತನ ಹರಿಹರದಲ್ಲೇ ಎಂದಳು.

ಜೈನಾಬಿಯ ತಾಯಿ ಹಜೀರಾಬೀ ತನ್ನ ಚಪ್ಪಲಿಯನ್ನೇ ಬೀಗಿತ್ತಿಗೆ ಕೊಟ್ಟು ಕಳಿಸಿದಳು. ಅವತ್ತು ಅವಳು ಒಲೆ ಹಚ್ಚಲಿಲ್ಲ.

ಸಿಕಂದರ್ ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಭಟ್ಟಿಗೆ ಬಂದವನು. ಬೆಂಕಿ ಮುಂದೆ ಕೂತು ಕೂತು ಇವನಿಗೂ ಅದರ ಗುಣ ಹತ್ತಿದೆ ಎಂದು ಓಣಿಯವರು ನಗುತ್ತಿದ್ದರು. ಮಾರನೇ ದಿನ ಭಟ್ಟಿಗಳು ಆರುವ ಹೊತ್ತಿಗೆ ಹಯಾತ್ ಸಾಬರ ಭಟ್ಟಿಯ ಕಟ್ಟೆ ಹತ್ತಿ ನಿಂತು ಕೂಗಾಡಿದ. ವಿದ್ಯಾನಗರದಲ್ಲಿ ಸ್ಕೂಟರುಗಳಿಗೆ ಡಾಂಬರು, ನಮ್ಮ ಹೆಂಗಸರ ಕಾಲಿಗೆ ಕೆಸರು. ಓಟು ಕೇಳಲು ಬಂದವರೆಲ್ಲ ಪಂಚೆ ಎತ್ತಿಕೊಂಡು ದಾಟಿ ಹೋದರು, ಇನ್ನು ಯಾರೂ ಬರುವುದಿಲ್ಲ, ಮನೆಗೊಂದು ಆಳು, ಭಟ್ಟಿಗೊಂದು ಸಲಿಕೆ ಬರಲಿ, ನಾವೇ ಮಾಡೋಣ ಎಂದ. ಬೆಳಗಿನ ಜಾವ ಹೊತ್ತಿಸಿದ ಭಟ್ಟಿ ಮಧ್ಯಾಹ್ನಕ್ಕೆ ಆರಿದರೆ ಆಮೇಲೆ ಎಲ್ಲರೂ ಇಸ್ಪೀಟಿನವರೇ. ಎಲೆ ಮಡಚಿಟ್ಟು ಎದ್ದರು.

ತಗ್ಗಿಗೆ ಏನು ತುಂಬುವುದೆಂದು ಯಾರೂ ಯೋಚಿಸಲೇ ಇಲ್ಲ. ಪ್ರತಿ ಭಟ್ಟಿಯ ಹಿಂದೆಯೂ ಭತ್ತದ ಹೊಟ್ಟು ಉರಿದ ಬೂದಿ ಗುಡ್ಡದಂತೆ ಬಿದ್ದಿತ್ತು. ಪಾತ್ರೆ ತಿಕ್ಕಲು ಬೂದಿ, ಹಲ್ಲುಜ್ಜಲು ಬೂದಿ, ಕೋಳಿ ಕಾವಿಗೆ ಕೂತರೆ ಅಡಿಯಲ್ಲಿ ಬೂದಿ. ಬೂದಿಯಿಂದ ಆಗದ ಕೆಲಸವಿದೆ ಎಂದು ಆ ಓಣಿಯಲ್ಲಿ ಹುಟ್ಟಿದವರಿಗೆ ಗೊತ್ತಿರಲಿಲ್ಲ. ಎಲ್ಲರಿಗಿಂತ ಖುಷಿಯಾದವರು ಹಯಾತ್ ಸಾಬರು, ಅವರ ಹಿತ್ತಲು ಬಯಲಾಯಿತು. ಗಂಡಸರು ಎತ್ತಿ ಕೊಟ್ಟರು, ಹೆಂಗಸರು ಪುಟ್ಟಿ ಹೊತ್ತರು, ನೀರು ಚಿಮುಕಿಸಿ ತುಳಿದರು. ಓಣಿ ಬೂದು ಬಣ್ಣದ ಮಖಮಲ್ಲು ಹಾಸಿದಂತಾಯಿತು. ಸಿಕಂದರ್ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಬಟ್ಟೆ ಕಟ್ಟಿಕೋ ಎಂದು ಅಕ್ಕನಿಗೆ ಹೇಳಿಯೂ ಬಂದ. ರಹಮತ್ ಬೀ ಮಾತ್ರ ಒಂದು ಮಳೆ ಬೀಳಲಿ ನೋಡೋಣ ಎಂದಳು.

ಬಿತ್ತು. ಬೂದಿ ಎದ್ದು ತೇಲಿತು, ಹೊಸ್ತಿಲು ದಾಟಿ ಮನೆಮನೆ ಹೊಕ್ಕಿತು. ಓಣಿಯ ತುಂಬ ಕಪ್ಪು ಅಂಬಲಿ. ಮಳೆ ನಿಂತ ಮೇಲೆ ಜನ ಸಿಕಂದರನ ಮನೆಯ ಮುಂದೆ ಬಂದು ನಿಂತರು. ಮುಂದಿದ್ದವಳು ಓಣಿಯ ನಡುವಿನ ಮನೆಯ ಕೊಟ್ರವ್ವ. ಅವಳ ಗಂಡ ಗುಡ್ಡಪ್ಪ ಹತ್ತಿ ಮಿಲ್ಲಿನ ಕೆಲಸದವನು.

“ಏನಪ್ಪಾ, ರಸ್ತೆ ಮಾಡಾಣ ಅಂದು ನಮ್ಮನ್ನೆಲ್ಲ ಪಾತ್ರಿ ತಿಕ್ಕಿದಂಗೆ ತಿಕ್ಕಿದ್ಯಲ್ಲೋ” ಅಂದಳು.

“ನಾನೊಬ್ನೇ ಹಾಕಿದ್ನಾ? ನೀವೂ ಪುಟ್ಟಿ ಹೊತ್ತಿಲ್ಲೇನು?” ಸಿಕಂದರ್ ಅಂಗಿಯ ತೋಳು ಮಡಚಿದ.

“ಹೊತ್ತೀವಿ. ಅದ್ಕೇ ಕೇಳಾಕ್ ಬಂದೀವಿ, ಇನ್ನೊಂದ್ಸಲ ಯಾವಾಗ ಹೊರಬೇಕು ಅಂತ.”

ಜಗಳಕ್ಕೆಂದು ಮಡಚಿದ ತೋಳಿನಲ್ಲೇ ಸಿಕಂದರ್ ಸಲಿಕೆ ತಗೊಂಡ.

ಈ ಸಲ ಹಳೇ ಭಟ್ಟಿಗಳ ಒಡೆದ ಇಟ್ಟಿಗೆ ಅಡಿಗೆ ಹಾಕಿದರು. ಗುಡ್ಡಪ್ಪನ ಷಡ್ಡಕನ ಎತ್ತಿನ ಗಾಡಿ ಕೊಂಡಜ್ಜಿ ಗುಡ್ಡದಿಂದ ಗರಸುಮಣ್ಣು ಹೇರಿಕೊಂಡು ಬಂತು, ಹೋಗುವಾಗ ಹೊಲಕ್ಕೆ ಗೊಬ್ಬರವಾಗಲೆಂದು ಬೂದಿ ತುಂಬಿಕೊಂಡು ಹೋಯಿತು. ನೆಲ ಗಟ್ಟಿಯಾಗಲೆಂದು ದಿಮ್ಮಸು ಬಡಿಯುವಾಗ ಒಬ್ಬ ಅಲ್ಲಾ ಎಂದರೆ ಇನ್ನೊಬ್ಬ ಬಸವಣ್ಣ ಎನ್ನುತ್ತಿದ್ದ, ಪೆಟ್ಟು ಮಾತ್ರ ಒಟ್ಟಿಗೇ ಬೀಳುತ್ತಿತ್ತು. ಮಿಲ್ಲಿನ ಪಾಳಿ ಮುಗಿಸಿದವರೂ ಬಂದು ಕೈ ಹಾಕಿದರು. ಆದರೆ ಬಿತ್ತನೆ ಶುರುವಾಗಿ ಎತ್ತುಗಳು ಹೊಲಕ್ಕಿಳಿದವು, ಗಾಡಿ ನಿಂತಿತು. ರಸ್ತೆ ಕೊಟ್ರವ್ವನ ಮನೆಯ ಮುಂದೆ ಮುಗಿದು, ಅಲ್ಲಿಂದಾಚೆ ಮತ್ತದೇ ಕೆಸರು.

ಅಷ್ಟರಲ್ಲಿ ಜಟಕಾ ಬಂದೇಬಿಟ್ಟಿತು. ತಮ್ಮನ ಮಾತು ನಂಬಿ ಜೈನಾಬಿ ಹಟ ಹಿಡಿದಿದ್ದಳಂತೆ. ಗರಸಿನ ಮೇಲೆ ಗಡಗಡ ಬಂದ ಗಾಲಿ ಗರಸು ಮುಗಿದಲ್ಲಿ ನಿಂತಿತು. ರಹಮತ್ ಬೀ ಇಳಿದು ಮುಂದಿನ ಕೆಸರು ನೋಡಿದಳು.

ಸಿಕಂದರ್ ಸಲಿಕೆ ಹಿಡಿದೇ ಬಂದ. ಬಿತ್ತನೆ ಮುಗಿಯಲಿ, ಎತ್ತು ಬಂದ ಕೂಡಲೇ ಉಳಿದದ್ದನ್ನೂ ಮುಗಿಸುತ್ತೇವೆ ಎಂದ.

“ಕೂಸು ನಿನ್ನ ಎತ್ತು ಬರೋತನಕ ಕಾಯ್ತೈತೇನಪಾ?” ಎಂದು ರಹಮತ್ ಬೀ ತಿರುಗಿ ಜಟಕಾದ ಮೆಟ್ಟಿಲಿಗೆ ಕಾಲಿಟ್ಟಳು. ಒಳಗೆ ಜೈನಾಬಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಕಟ್ಟೆಯ ಮೇಲಿಂದ ಕೊಟ್ರವ್ವ ಕೂಗಿದಳು. “ಯಾಕ ಹತ್ತುತೀರಿ? ಹುಡುಗಿನ ಇಳಿಸ್ರಿ. ನಮ್ಮ ಪಡಸಾಲಿ ಖಾಲಿ ಐತೆ. ಯಾವ ಹೊತ್ತಿಗೆ ನೋವು ಬಂದ್ರೂ ಜಟಕಾ ಇಲ್ಲಿಗೆ ಬರ್ತೈತೆ.”

“ನಿಮ್ಮ ಮನ್ಯಾಗ? ಬಾಣಂತನ ಅಂದ್ರ ಮೈಲಿಗಿ, ಸೂತಕ… ನಿಮ್ಮ ದೇವ್ರು ಐತಲ್ಲವ್ವ” ಎಂದಳು ರಹಮತ್ ಬೀ.

“ಬೂದಿ ನೀರು ದೇವ್ರ ಜಗಲಿತನಕ ಹೋದಾಗ ಸುಮ್ನಿದ್ದ ದೇವ್ರು, ಕೂಸು ಅತ್ರೆ ಸಿಟ್ಟಾಗ್ತಾನೇನ್ರಿ? ಇಳಿಸ್ರಿ.”

ಸಿಕಂದರನ ಕಿವಿ ಕೆಂಪಾಯಿತು. ನಮ್ಮ ಮನೆ ಕಣ್ಣೆದುರಿಗೇ ಇರುವಾಗ ಅಕ್ಕ ಇನ್ನೊಬ್ಬರ ಪಡಸಾಲೆಯಲ್ಲಿ ಮಲಗುವುದೇ ಎಂದು ಬಾಯಿ ತೆರೆದ. ಅಷ್ಟರಲ್ಲಿ ಹಜೀರಾಬೀ ಹಾಸಿಗೆಯ ಸುರುಳಿ ತಲೆಯ ಮೇಲಿಟ್ಟುಕೊಂಡು, ಕೆಸರು ತುಳಿಯುತ್ತ ಬಂದು, ಯಾರನ್ನೂ ಕೇಳದೆ ಕೊಟ್ರವ್ವನ ಹೊಸ್ತಿಲು ದಾಟಿದಳು. ಹಿಂದೆಯೇ ರಹಮತ್ ಬೀ ಸೊಸೆಯ ಕೈ ಹಿಡಿದು ಇಳಿಸಿದಳು. ಅವನ ಬಾಯಿ ತೆರೆದೇ ಇತ್ತು. ಗುಡ್ಡಪ್ಪ ಅದಕ್ಕೊಂದು ಬೀಡಿ ಇಟ್ಟ.

ನೋವು ಬಂದದ್ದು ಭಟ್ಟಿ ಹೊತ್ತಿಸುವ ಹೊತ್ತಿಗೆ. ಜಟಕಾ ಬಂತು, ಆಸ್ಪತ್ರೆ ಮುಟ್ಟಿತು, ಹೆಣ್ಣುಕೂಸಾಯಿತು. ತಾಯಿ, ಕೂಸು ಕೊಟ್ರವ್ವನ ಪಡಸಾಲೆಗೇ ಮರಳಿದರು. ಬಿತ್ತನೆ ಮುಗಿಸಿ ಎತ್ತುಗಳೂ ಬಂದವು. ರಸ್ತೆ ಹಜೀರಾಬೀಯ ಬಾಗಿಲು ಮುಟ್ಟಿದ ದಿನ ಸಿಕಂದರ್ ತಾನೇ ಜಟಕಾ ತಂದು ಕೊಟ್ರವ್ವನ ಮನೆಯ ಮುಂದೆ ನಿಲ್ಲಿಸಿ, ಅಕ್ಕನನ್ನು ಕಳಿಸಿ ಎಂದ.

“ನಿಮ್ಮಾಗ ಬಾಣಂತಿ ನಲವತ್ತು ದಿನ ಹೊರಗೆ ಬರಂಗಿಲ್ಲಂತಲ್ಲ, ನಿಮ್ಮವ್ವನೇ ಹೇಳ್ಯಾಳೆ. ನಲವತ್ತು ಆಗ್ಲಿ” ಎಂದಳು ಕೊಟ್ರವ್ವ. ಒಳಗೆ ಹಜೀರಾಬೀ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

“ಹಂಗಾರೆ ಮಳ್ಯಾಗೆ ರಸ್ತೆ ಮಾಡ್ತಾ ನಾವು ಸತ್ತಿದ್ದು ಯಾರಿಗೆ?” ಎಂದ ಸಿಕಂದರ್.

ಅಡ್ಡ ನಿಂತ ಜಟಕಾದ ಹಿಂದೆ, ಮಂಡಕ್ಕಿ ಚೀಲ ಮುಗಿಲುದ್ದ ಹೇರಿದ ಹಯಾತ್ ಸಾಬರ ಕೈಗಾಡಿ ಬಂದು ನಿಂತಿತ್ತು, ಅದರ ಹಿಂದೆ ಗುಡ್ಡಪ್ಪನ ಸೈಕಲ್ಲು. ದಾರಿ ಬಿಡಯ್ಯಾ ಎಂದು ಇಬ್ಬರೂ ಬೈದರು. ಸಿಕಂದರ್ ಕುದುರೆಯ ಲಗಾಮು ಹಿಡಿದು ಬದಿಗೆ ಸರಿಸಿದ. ಒಬ್ಬನೇ ತಳ್ಳುತ್ತಿದ್ದರೂ ಕೈಗಾಡಿ ಸಲೀಸಾಗಿ ಉರುಳಿ ಹೋಯಿತು.

ಕೊಟ್ರವ್ವ ಒಂದು ಗಂಗಾಳದಲ್ಲಿ ರೊಟ್ಟಿ, ಪಲ್ಯ ತಂದು ಕಟ್ಟೆಯ ಮೇಲಿಟ್ಟಳು. ಗೊಣಗುತ್ತಲೇ ತಿಂದ. ತಿನ್ನುತ್ತ ನೋಡಿದರೆ, ಓಣಿಯ ತಿರುವಿನಲ್ಲಿ ನೀರು ಹೋಗಲು ದಾರಿಯಿಲ್ಲದೆ ನಿಂತಿತ್ತು.

“ಗುಡ್ಡಪ್ಪಣ್ಣ,” ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ಕರೆದ, “ಅಲ್ಲೊಂದು ಮೋರಿ ಬೇಕಲ್ಲ. ನಾಳೆ ನಿನ್ನ ಪಾಳಿ ಯಾವಾಗೈತೆ?”