ಕವಾಯತು ಮನೆಯಲ್ಲಿ ಒಂದು ಹೆಜ್ಜೆ

ಬರೆಯಲು ಬಾರದವನ ಕೈಗೆ ಊರಿನ ಚರಿತ್ರೆ ಕೊಟ್ಟರೆ ಇನ್ನೇನಾಗುತ್ತದೆ ಹೇಳಿ! ಹ್ಯಾಟರ್‌ಕ್ಲಫ್ ಊರಿನ ಕವಾಯತು ಮನೆಗೆ ನಲವತ್ತು ತುಂಬಿತೆಂದು ಸಮಿತಿಯವರು ಅದರ ಕಥೆ ಬರೆಯುವ ಕೆಲಸವನ್ನು ನಿವೃತ್ತ ಸಾರ್ಜೆಂಟ್ ಈನಕ್ ರಾಥ್‌ವೆಲ್‌ನ ತಲೆಗೆ ಕಟ್ಟಿದ್ದರು. ಶನಿವಾರ ಮಧ್ಯಾಹ್ನ ಕರ್ನಲ್ ಸಾಹೇಬರ ಎದುರು ಓದಬೇಕು. ಈನಕ್ ಮೊದಮೊದಲು ಹುರುಪಿನಿಂದಲೇ ಬರೆದ. ಹತ್ತಿ ಗಿರಣಿಯವರು ಕಲ್ಲು ಕೊಟ್ಟಿದ್ದು, ವಾರಕ್ಕೆರಡು ದಿನ ಕವಾಯತು, ಉಳಿದ ದಿನ ಕುಣಿತ, ಮದುವೆ ಊಟ, ಕೋಳಿ ಪ್ರದರ್ಶನ. ಮಗ್ಗದ ಹುಡುಗರು ದೇಶಪ್ರೇಮ ಉಕ್ಕಿ ಊರ ಸೈನಿಕ ದಳಕ್ಕೆ ಹೆಸರು ಬರೆಸಿದ್ದಲ್ಲ, ವರ್ಷಕ್ಕೆ ಹದಿನೈದು ದಿನ ಸಮುದ್ರದಂಡೆಯ ಶಿಬಿರ ಸಿಗುತ್ತದೆಂದು ಬರೆಸಿದ್ದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಮಹಾಯುದ್ಧ ಶುರುವಾದ ಹದಿನಾಲ್ಕನೆಯ ಇಸವಿಯ ಆಗಸ್ಟಿಗೆ ಬಂದಾಗ ಮಾತ್ರ ಪೆನ್ನು ನಿಂತುಬಿಟ್ಟಿತು.

"ಮುಗೀತಾ ಸಾರ್ಜೆಂಟರೇ? ನೀವು ಬರೆಯೋ ಚಂದ ನೋಡಿದ್ರೆ ಐವತ್ತು ತುಂಬಿದಾಗಲೇ ಓದೋದು!"

ನೆಲ ಉಜ್ಜುತ್ತಿದ್ದ ಮಿಸೆಸ್ ಲಮ್ ಅಂದಳು. ಮಗ ಸೆತ್ ಗಲಿಪೊಲಿಯ ಕಾಳಗದಲ್ಲಿ ಸತ್ತ ಮೇಲೆ ಆ ನೆಲ ತೊಳೆಯುವುದು ಅವಳದೇ ಕೆಲಸ. ಈನಕ್‌ಗೆ ಅವಳ ಮುಖ ನೋಡುವುದೆಂದರೆ ಹನ್ನೆರಡು ವರ್ಷದಿಂದಲೂ ಹಿಂಸೆ.

ಆ ಊರ ದಳದವರು ಸಹಿ ಹಾಕಿದ್ದು ಸ್ವಂತ ನೆಲ ಕಾಯುವುದಕ್ಕಷ್ಟೇ. ಕಡಲಾಚೆ ಕಳಿಸಬೇಕೆಂದರೆ ಅವರೇ ಒಪ್ಪಬೇಕು. ಆ ಆಗಸ್ಟಿನಲ್ಲಿ ಒಂದು ದಿನ ಇದೇ ನೆಲದ ಮೇಲೆ ಸಾಲಾಗಿ ನಿಲ್ಲಿಸಿ ಕರ್ನಲ್ ಕೂಗಿದ್ದರು: "ಒಪ್ಪಿದವರು ಒಂದು ಹೆಜ್ಜೆ ಮುಂದೆ!" ಒಬ್ಬನೂ ಕದಲಲಿಲ್ಲ. ಸಾಲಿನ ಹಿಂದೆ ನಿಂತಿದ್ದ ಈನಕ್‌ಗೆ ಮೈಯೆಲ್ಲ ಉರಿದುಹೋಯಿತು. ತಾನು ತಿದ್ದಿ ತೀಡಿದ ಹುಡುಗರು ಕರ್ನಲ್ ಎದುರು ತನ್ನ ಮರ್ಯಾದೆ ಕಳೆಯುವುದೇ? ಕೈಲಿದ್ದ ಬೆತ್ತದ ತುದಿಯನ್ನು ಎದುರಿಗಿದ್ದ ಬೆನ್ನಿಗಿಟ್ಟು ದಬ್ಬಿದ. ಆ ಬೆನ್ನು ಸೆತ್‌ನದು. ಹುಡುಗ ಮುಗ್ಗರಿಸಿ ಮುಂದೆ ಬಂದ, ತಿರುಗಿ ನೋಡಿದ. ಈನಕ್ ಕಣ್ಣಲ್ಲೇ ಗದರಿದ. ಅವನನ್ನು ನೋಡಿ ಪಕ್ಕದವನು, ಪಕ್ಕದವನನ್ನು ನೋಡಿ ಇಡೀ ಸಾಲು. ಸೆತ್ ಸತ್ತ ಸುದ್ದಿ ಬಂದಾಗ ಅವನ ತಾಯಿಗೆ ಸಮಾಧಾನದ ಪತ್ರ ಬರೆದವನೂ ಈನಕ್‌ನೇ: 'ನಿಮ್ಮ ಮಗನೇ ಎಲ್ಲರಿಗಿಂತ ಮೊದಲು ಮುಂದೆ ಬಂದವನು.' ಊರೆಲ್ಲ ಅದನ್ನೇ ಹಾಡಿ ಹೊಗಳಿತು.

"ಸೆತ್ ವಿಷಯ ಬರೀತಾ ಇದ್ದೆ," ಅಂದ ಈನಕ್, ತಲೆ ಎತ್ತದೆ.

"ಮೊದಲನೆಯವನು ಅಂತಾನಾ? ಬೇಡ, ಬಿಟ್ಬಿಡಿ."

"ಯಾಕಮ್ಮಾ?"

ಅವಳು ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು. "ಹಿಂದಿನ ದಿನ ನಂಗೆ ಮಾತು ಕೊಟ್ಟಿದ್ದ, ಕದಲಲ್ಲ ಅಮ್ಮಾ ಅಂತ. ಅಪ್ಪ ಇಲ್ಲದ ಮನೆ ನಮ್ದು. ಬೆಳಗಾದ್ರೆ ಊರವರೆಲ್ಲ ಬಂದು, ನಿನ್ನ ಮಗನೇ ಮೊದಲು ಹಾರಿದ ಅಂದ್ರು. ಅವನು ಮನೆಗೆ ಬಂದು ಏನೋ ಹೇಳೋಕೆ ಹೋದ, ಬಾಯಿ ಮುಚ್ಚು ಅಂದೆ. ರೈಲು ಹತ್ತೋ ದಿನ ಸ್ಟೇಷನ್‌ಗೂ ಹೋಗ್ಲಿಲ್ಲ. ಸತ್ತ ಮಗನ ಮೇಲೆ ಇನ್ನೂ ಸಿಟ್ಟು ಇಟ್ಕೊಂಡಿದೀನಿ ನಾನು. ಇಂಥ ತಾಯಿನ ಎಲ್ಲಾದ್ರೂ ನೋಡಿದೀರಾ?"

ಈನಕ್‌ಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ತೊದಲುತ್ತಾ ಎಲ್ಲ ಹೇಳಿದ. ಬೆತ್ತ, ಬೆನ್ನು, ತಿರುಗಿ ನೋಡಿದ ಆ ಮುಖ.

ಮಿಸೆಸ್ ಲಮ್ ಬಯ್ಯಲಿಲ್ಲ, ಅಳಲಿಲ್ಲ. ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ. "ಶನಿವಾರ ಇದನ್ನೇ ಓದಿ," ಅಂದಳು. "ಎಲ್ಲರೆದುರು."

"ಓದ್ತೀನಮ್ಮಾ. ಆಣೆ."

ಬರೆದದ್ದೇನೋ ಬರೆದ. ಶನಿವಾರ ಹಾಲ್ ತುಂಬ ಜನ, ಮುಂದಿನ ಕುರ್ಚಿಯಲ್ಲಿ ಕೂದಲು ನೆರೆತ ಕರ್ನಲ್, ಗೋಡೆಯ ಮೇಲೆ ಯುದ್ಧದಲ್ಲಿ ಸತ್ತ ನಲವತ್ತೊಂದು ಹುಡುಗರ ಹೆಸರಿನ ಹಲಗೆ. ಆ ಪುಟ ಬಂತು. ಈನಕ್ ಅದನ್ನು ಓದದೆ ಮಗುಚಿ, "ಇಡೀ ದಳ ಒಂದೇ ಮನಸ್ಸಿನಿಂದ ಮುಂದೆ ಬಂತು" ಎಂದುಬಿಟ್ಟ. ಛೀ, ಅರವತ್ತು ದಾಟಿದ ಗಂಡಸು! ಚಪ್ಪಾಳೆಯೋ ಚಪ್ಪಾಳೆ.

ಚಪ್ಪಾಳೆಯ ನಡುವೆಯೇ ಮಿಸೆಸ್ ಲಮ್ ಎದ್ದು ನಿಂತಳು. "ಒಂದು ಪುಟ ಬಿಟ್ರಿ, ಸಾರ್ಜೆಂಟರೇ."

ಜನ ತಿರುಗಿ ನೋಡಿದರು.

"ನನ್ನ ಮಗ ಮುಂದೆ ಬರ್ಲಿಲ್ಲ," ಅಂದಳು, ತಲೆಯೆತ್ತಿ. "ಅಮ್ಮನಿಗೆ ಕೊಟ್ಟ ಮಾತು ಉಳಿಸ್ಕೊಂಡ. ಅವನನ್ನ ದಬ್ಬಿದ್ದು ಯಾರು ಅಂತ ಇವರು ಹೇಳ್ತಾರೆ."

ವರ್ಷಗಟ್ಟಲೆ ಆ ಛಾವಣಿ ನಡುಗುವಂತೆ ಕೂಗಿದವನು ತಲೆ ತಗ್ಗಿಸಿ ಪಿಸುಗುಟ್ಟಿದ. "ನಾನು," ಅಂದ.

"ಕೇಳಿಸ್ಲಿಲ್ಲ, ಜೋರಾಗಿ ಹೇಳಪ್ಪಾ," ಅಂದರು ಕರ್ನಲ್.

"ನಾನು ಸಾರ್. ಬೆತ್ತದಿಂದ ದಬ್ಬಿದೆ."

ಮಿಸೆಸ್ ಲಮ್ ಕೂತಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಈನಕ್ ವೇದಿಕೆಯಿಂದ ಇಳಿಯಲು ಕಾಲೆತ್ತಿದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮುದಿ ನೇಕಾರನೊಬ್ಬ ಕ್ಯಾಪು ಕೈಲಿ ಹಿಡಿದು ಎದ್ದ. ಅವನ ಮಗನ ಹೆಸರೂ ಆ ಹಲಗೆಯ ಮೇಲಿತ್ತು.

"ಸೆತ್ ಹೋದ ಅಂತ ನಾನೂ ಹೋದೆ ಅಂದಿದ್ದ ನಮ್ಮ ಹುಡುಗ," ಅಂದ ಮುದುಕ, ಸಿಟ್ಟೇ ಇಲ್ಲದ ದನಿಯಲ್ಲಿ. "ಹಾಗಾದ್ರೆ ನಮ್ಮವನು ಯಾರನ್ನ ನೋಡಿ ಹೋದ ಹಾಗಾಯ್ತು, ಸಾರ್ಜೆಂಟರೇ?"