ಇನ್ನೂ ಒಣಗಿಲ್ಲ

ಆರುತ್ತಿದೆ, ಕಪ್ಪು ಆರುತ್ತಿದೆ, ಪ್ರಿಂಟರಿನಿಂದ ಹೊರಬಂದಾಗ ಬಾವಿಯ ಹಾಗೆ ಆಳವಾಗಿದ್ದದ್ದು ಈಗ ಬೂದಿಯ ಕಡೆಗೆ ಒಂದೊಂದೇ ಹೆಜ್ಜೆ ಹಾಕುತ್ತಿದೆ, ಈ ಮ್ಯಾಟ್ ಕಾಗದದ ಹಣೆಬರಹವೇ ಇಷ್ಟು, ಹಸಿಯಿದ್ದಾಗ ಮಹಾರಾಜ, ಒಣಗಿದ ಮೇಲೆ ಗುಮಾಸ್ತ — ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಮಾಡಿ ಮತ್ತೆ ಮೇಜಿನ ಮೇಲಿಟ್ಟ, ಹೊಳಪಿನ ಕಾಗದವಾಗಿದ್ದರೆ ಅದರಲ್ಲಿ ತನ್ನ ಮುಖವೇ ಕಾಣುತ್ತಿತ್ತು, ಇದು ಹಾಗಲ್ಲ, ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುತ್ತದೆ, ಥೇಟ್ ತನ್ನ ಹಾಗೆ. ಚಿತ್ರದಲ್ಲಿ ಇದ್ದಿಲಿನ ರಾಶಿ, ರಾಶಿಯ ಮೇಲೆ ಮಲಗಿದ ಕರಿಬೆಕ್ಕು. ಇಂಥದ್ದನ್ನೇ ಹುಡುಕಿಕೊಂಡು ಹೋಗಿ ಫೋಟೊ ತೆಗೆಯುತ್ತಾಳೆ ಮೇಜಿನಾಚೆ ನಿಂತಿರುವ ಇವಳು, ತೆಗೆದು ತಂದು ತಲೆನೋವನ್ನು ಅವನಿಗೆ ಕೊಡುತ್ತಾಳೆ, ಬೆಕ್ಕು ಕಾಣ್ಬೇಕು ಮೇಷ್ಟ್ರೇ, ಆದ್ರೆ ಎದ್ದು ಕಾಣ್ಬಾರ್ದು, ಎಂಥ ಮಾತು, ಅವನ ಬದುಕಿಗೆ ಬರೆದ ಮಾತಿನ ಹಾಗಿದೆ. ಅವನು ಯಾರಿಗೂ ಮೇಷ್ಟ್ರಲ್ಲ, ಫೋಟೊ ಅಚ್ಚು ಹಾಕಿಕೊಡುವವನು, ಆದರೂ ಮೊದಲ ಸಲ ಬಂದಾಗಲೇ ಹಾಗೆ ಕರೆದಳು, ಅವನೂ ಮೇಡಂ ಎಂದ, ಅಲ್ಲಿಂದ ಇಲ್ಲಿಯವರೆಗೆ ಬಾಯಲ್ಲಿ ಬಹುವಚನ, ಮನಸ್ಸಿನಲ್ಲಿ ಏಕವಚನ, ಎರಡೂ ಒಂದನ್ನೊಂದು ಭೇಟಿಯಾದದ್ದೇ ಇಲ್ಲ.

ಅವಳ ಬೆರಳು ಈಗ ಬೆಕ್ಕಿನ ಬೆನ್ನಿನ ಮೇಲಿದೆ, ಮೇಲೆ ಎಂದರೆ ಕೂದಲೆಳೆಯಷ್ಟು ಮೇಲೆ, ಮುಟ್ಟದೆ, ಬೆನ್ನಿನ ಗೆರೆಯುದ್ದಕ್ಕೂ ಗಾಳಿಯಲ್ಲೇ ಸವರುತ್ತದೆ, ಇಲ್ಲಿ ಕಪ್ಪು ಸ್ವಲ್ಪ ಕಟ್ಟಿಕೊಂಡಿದೆ ಅಲ್ವಾ, ಹೂಂ ಎಂದ, ಕಣ್ಣು ಬೆಕ್ಕಿನ ಮೇಲಿರಲಿಲ್ಲ. ಕಪ್ಪನ್ನು ಅಳೆಯಲೆಂದೇ ಇಟ್ಟುಕೊಂಡ ಕರಿ ಮಖಮಲ್ಲಿನ ತುಂಡನ್ನು ಪಕ್ಕದಲ್ಲಿಟ್ಟು ಹೋಲಿಸಿದ, ಮಖಮಲ್ಲೇ ಗೆದ್ದಿತು, ಯಾವತ್ತೂ ಅದೇ ಗೆಲ್ಲುವುದು, ಅವಳು ನಕ್ಕಳು, ಇದು ಕಪ್ಪಲ್ಲ ಮೇಷ್ಟ್ರೇ, ಕಪ್ಪಿನ ತಂಗಿ. ಪೂರ್ತಿ ಒಣಗೋವರೆಗೂ ಹೇಳೋಕಾಗಲ್ಲ ಮೇಡಂ. ಈ ಒಂದು ವಾಕ್ಯದ ಮೇಲೆ ಎಷ್ಟು ವರ್ಷ ಬದುಕಿದ್ದಾನೆ ಅವನು! ಒಣಗಿತಾ ಎಂದು ಅವಳು ಕೇಳುವುದು, ಇನ್ನೂ ಸ್ವಲ್ಪ ಎಂದು ಅವನು ಹೇಳುವುದು, ಹಾಳೆ ಒಣಗಿ ಹಪ್ಪಳವಾಗಿದ್ದರೂ ಇನ್ನೂ ಸ್ವಲ್ಪ, ಆ ಸ್ವಲ್ಪದಲ್ಲಿ ಅವಳು ಕುರ್ಚಿ ಎಳೆದುಕೊಂಡು ಕೂತು ತನ್ನ ಅತ್ತಿಗೆಯ ಗೊರಕೆ, ಬಾಡಿಗೆ ಮನೆಯ ಸೋರುವ ನಲ್ಲಿ, ದಾರಿಯಲ್ಲಿ ಕಂಡ ನೆರಳು, ಎಲ್ಲ ಹೇಳುತ್ತಿದ್ದಳು, ಗಾಳಿಯಲ್ಲಿ ಬೆರಳಾಡಿಸಿ ಆ ನೆರಳನ್ನು ಬರೆದು ತೋರಿಸುತ್ತಿದ್ದಳು, ಅವನು ಕೇಳುತ್ತಿದ್ದ, ಬರೀ ಕೇಳುತ್ತಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ, ನಿಂಗೆ ಸುಗ್ಗಿಯಲ್ಲೂ ಉಪವಾಸ ಕಣೋ, ಅಕ್ಕ ಬೈಯುವುದು ಸುಮ್ಮನೆ ಅಲ್ಲ.

ಹೋದ ವಾರ ಫೋನಿನಲ್ಲಿ ಹೇಳಿದ್ದಳು, ದೂರದ ಊರಿನ ಕಾಲೇಜಲ್ಲಿ ಪಾಠ ಮಾಡೋಕೆ ಕರೆದಿದ್ದಾರೆ, ಅಲ್ಲೇ ದೊಡ್ಡ ಪ್ರಿಂಟರ್ ಇದೆಯಂತೆ, ಇದೊಂದು ಚಿತ್ರ ಮುಗಿದ್ರೆ ನಿಮಗೆ ನನ್ನ ಕಾಟ ತಪ್ಪಿತು. ಒಳ್ಳೇದಾಯ್ತು ಬಿಡಿ ಮೇಡಂ. ಒಳ್ಳೇದಾಯ್ತು ಎಂದನಲ್ಲ, ಆ ನಾಲಿಗೆಗೆ ಬೆಂಕಿ ಹಾಕ, ಹೋಗಬೇಡ ಎನ್ನುವುದಕ್ಕೂ ಅಷ್ಟೇ ಉಸಿರು ಸಾಕಿತ್ತು. ಇವತ್ತು ಸಂಜೆಯೇ ಅವಳ ರೈಲು, ಹೊರಗೆ ಆಟೋ ಕಾಯುತ್ತಿದೆ, ಒಂದು ಸಲ ಹಾರ್ನೂ ಹೊಡೆಯಿತು. ಅವಳು ಕುರ್ಚಿ ಎಳೆದುಕೊಳ್ಳಲಿಲ್ಲ, ನಿಂತೇ ಇದ್ದಾಳೆ. ಒಣಗಿತಾ ಮೇಷ್ಟ್ರೇ? ಒಣಗಿದೆ, ಯಾವಾಗಲೋ ಒಣಗಿದೆ, ಕಪ್ಪು ಎಷ್ಟು ಇಳಿಯಬೇಕೋ ಅಷ್ಟು ಇಳಿದು ನಿಂತಿದೆ, ಬೆಕ್ಕು ಇದ್ದಿಲಿನಿಂದ ಬೇರೆಯಾಗಿದೆ, ಎದ್ದೂ ಕಾಣುತ್ತಿಲ್ಲ, ಇದಕ್ಕಿಂತ ಒಳ್ಳೆಯ ಪ್ರಿಂಟನ್ನು ಅವನು ಇನ್ನು ಮಾಡಲಾರ, ಹೂಂ ಎಂದರೆ ಸುತ್ತಿಕೊಡಬೇಕು, ಕೊಟ್ಟರೆ ಹೋಗುತ್ತಾಳೆ. ಇನ್ನೂ ಸ್ವಲ್ಪ ಎಂದ. ದನಿ ಅವನದೇ ಅನ್ನಿಸಲಿಲ್ಲ.

ಅವಳು ಅವನನ್ನೇ ನೋಡಿದಳು, ಹಾಳೆಯನ್ನು ನೋಡಿದಳು, ಬೆರಳು ಮತ್ತೆ ಬೆಕ್ಕಿನ ಮೇಲೆ ಬಂದು ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತು, ಆಮೇಲೆ ಇಳಿಯಿತು — ಮೇಡಂ! — ಇಳಿದು ಒತ್ತಿತು, ಗಟ್ಟಿಯಾಗಿ, ಬಾಗಿಲ ಗಂಟೆ ಒತ್ತುವವರ ಹಾಗೆ. ಎತ್ತಿ ಅವನ ಮುಖದ ಮುಂದೆ ಹಿಡಿದಳು, ಬೆರಳು ಶುಭ್ರವಾಗಿತ್ತು, ಒಂದು ಚೂರೂ ಮಸಿಯಿಲ್ಲ. ಒಣಗಿದೆ ಮೇಷ್ಟ್ರೇ, ಯಾವತ್ತೂ ಒಣಗಿರ್ತಿತ್ತು, ನಂಗೆ ಗೊತ್ತಿಲ್ವಾ. ಒಣಗಿದ ಮೇಲೂ ಈ ಕಪ್ಪನ್ನು ಮುಟ್ಟಬಾರದು, ಬೆರಳಿನ ಜಿಡ್ಡು ಕೂತರೆ ಹೋಗುವುದಿಲ್ಲ, ಅದು ಅವಳಿಗೆ ಗೊತ್ತು, ಅವನಿಗಿಂತ ಚೆನ್ನಾಗಿ ಗೊತ್ತು, ಎಷ್ಟೋ ವರ್ಷ ಒಂದೇ ಒಂದು ಸಲವೂ ಮುಟ್ಟದವಳು. ಅಯ್ಯೋ, ಹಾಳಾಯ್ತಲ್ಲ, ಎನ್ನುತ್ತಿದ್ದಾಳೆ, ದನಿಯಲ್ಲಿ ಅಯ್ಯೋ ಇಲ್ಲವೇ ಇಲ್ಲ, ಇನ್ನೊಂದು ಹಾಕ್ಬೇಕೇನೋ, ಅದು ಒಣಗೋಕೆ ಎಷ್ಟು ಹೊತ್ತು ಹಿಡಿಯುತ್ತೆ? ಹೊರಗೆ ಹಾರ್ನು, ಇನ್ನೊಂದು ಹಾರ್ನು, ಕುರ್ಚಿ ಎಳೆದ ಸದ್ದು, ಅವನು ಏನೋ ಹೇಳಬೇಕು, ಈಗಲಾದರೂ ಹೇಳಬೇಕು, ಮಾತು ಗಂಟಲಿಗೆ ಬಂದಿದೆ, ಏಕವಚನದಲ್ಲೇ ಬಂದಿದೆ, ಆದರೆ ಕಣ್ಣು ಹಾಳೆ ಬಿಟ್ಟು ಏಳುತ್ತಿಲ್ಲ, ಕಪ್ಪಿನ ನಡುವೆ, ಬೆಕ್ಕಿನ ಬೆನ್ನಿನ ಮೇಲೆ, ಕಿಟಕಿಯ ಬೆಳಕಿಗೆ ಮಿನುಗುತ್ತಿರುವ ಅವಳ ಬೆರಳಿನ ಗುರುತು, ಅದರ ಸಣ್ಣ ಸಣ್ಣ ಗೆರೆಗಳು, ಅವಳ ಬೆರಳು