ಹೆಬ್ಬೆರಳಿನ ದಾರ

“ಗಾಳಿ ಬಂತು ಅಂದ್ರೆ ಲಂಗರು ಹಾಕಿ ಕೂರ್ತಿದ್ದ ನಿಮ್ಮಪ್ಪ. ಈಗ ಗೋರಿಗೆ ಹೋಗೋಕೂ ಗಾಳಿ ನಿಲ್ಲಬೇಕಾ? ಹೇಡಿ ಹೆಣ ಕಣ್ರೋ ಇದು!”

ಕೆಂಪು ಸಮುದ್ರದ ದಡದ ಕುಸೈರ್ ಊರಿನ ಮಸೀದಿಯ ಬಾಗಿಲಲ್ಲಿ ಎಲ್ಲರ ಮುಂದೆ ದೋಣಿ ಮಾಲೀಕ ಝಗ್ಲೂಲ್ ಹೇಳಿಯೇಬಿಟ್ಟ. ಮರಳುಗಾಳಿಗೆ ಕಣ್ಣು ಬಿಡಲಾಗದೆ ರಾಝಿಕ್‌ನ ಶವದ ಮಂಚವನ್ನು ಈಗಷ್ಟೇ ಕೆಳಗಿಳಿಸಿದ್ದರು. ದೋಣಿಯವರಲ್ಲಿ ಇಬ್ಬರು ನಕ್ಕರು. ಮಗ ಶಾಝ್ಲಿಯ ಮುಷ್ಟಿ ಬಿಗಿಯಿತು.

“ನಾಲ್ಕು ದೋಣಿ ಆದ್ವು ಅಂತ ನಾಲಿಗೆಗೆ ಹಗ್ಗ ಬೇಡ್ವೇನೋ?” ಹೆಣ ತೊಳೆದಿದ್ದ ಮುದುಕ ಗಾಬಿರ್ ಗದರಿದ. “ನನ್ನ ಇಬ್ರು ಮಕ್ಕಳನ್ನೂ ಸಮುದ್ರದಿಂದ ಈ ರಾಝಿಕ್ಕೇ ಜೀವಂತ ಮನೆಗೆ ತಂದ. ಅದಕ್ಕೇ ನಾನೇ ತೊಳೀತೀನಿ ಅಂದೆ.” ಶಾಝ್ಲಿಯ ಕಡೆ ತಿರುಗಿದ. “ಮಗಾ, ನಿಮ್ಮಪ್ಪನ ಹೆಬ್ಬೆರಳ ಸುತ್ತ ಉಂಗುರದ ಹಂಗೆ ಗುರುತಿತ್ತು. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಏನದು?”

“ದಾರದ್ದು, ಮಾವ.”

*

ಎಂಟು ವರ್ಷದ ಹಿಂದೆ ಝಗ್ಲೂಲ್ ರಾಝಿಕ್‌ನ ಹಾಯಿದೋಣಿಯಲ್ಲಿ ಕೂಲಿಯಾಳು. ಪ್ರವಾಸಿಗರನ್ನು ಇಳಿಸಿ ಮರಳುವಾಗ ಗಾಳಿ ಎದ್ದಿತು. ರಾಝಿಕ್ ಹವಳದ ದಿಬ್ಬದ ಮರೆಗೆ ಸರಿದು, ಸರಪಳಿಯನ್ನೆಲ್ಲ ಬಿಟ್ಟು ಲಂಗರು ಹಾಕಿದ.

“ಹೊರಟ್ರೆ ಸಂಜೆಗೆ ಮನೆ, ರಯೀಸ್!” ಎಂದು ಝಗ್ಲೂಲ್ ದೋಣಿಯ ಯಜಮಾನನನ್ನು ಅವಸರಪಡಿಸಿದ.

“ಕೂತ್ಕೊ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ.”

ಸೀಸದ ಗುಂಡೊಂದನ್ನು ತಳಕ್ಕೆ ಬಿಟ್ಟು, ಅದರ ದಾರವನ್ನು ಹೆಬ್ಬೆರಳಿಗೆ ಕಟ್ಟಿಕೊಂಡೇ ಮಲಗಿದ. ಲಂಗರು ಜಾರಿ ದೋಣಿ ಸರಿದರೆ ದಾರ ಎಳೆಯುತ್ತದೆ, ಎಚ್ಚರವಾಗುತ್ತದೆ.

ಮೂರನೆಯ ಬೆಳಿಗ್ಗೆ ದಾರ ಎಳೆಯಿತು. ಹಿಂದೆಯೇ ಬಂಡೆ. ಅಪ್ಪ ಮಗ ದೋಣಿಯ ಮೂತಿಗೆ ಓಡಿ ಎರಡನೆಯ ಲಂಗರು ಎಸೆದರು. ಅದು ತಳವನ್ನು ಕಚ್ಚಿ ದೋಣಿ ನಿಂತಿತು. ಝಗ್ಲೂಲ್ ಒಳಗೆ ಅಕ್ಕಿಮೂಟೆ ತಬ್ಬಿಕೊಂಡು “ಅಮ್ಮಾ, ಅಮ್ಮಾ” ಎನ್ನುತ್ತಿದ್ದ. ಹೆದರಿಕೆಗೆ ಅವನ ನಿಲುವಂಗಿಯ ಮುಂಭಾಗ ಒದ್ದೆಯಾಗಿತ್ತು.

ರಾಝಿಕ್ ತನ್ನ ಒಣ ಅಂಗಿ ಕೊಟ್ಟ. “ಹಾಕ್ಕೊ. ಯಾರಾದ್ರೂ ಕೇಳಿದ್ರೆ ಚಹಾ ಚೆಲ್ತು ಅನ್ನು.” ಆಮೇಲೆ ಮಗನಿಗೆ, “ದೋಣೀಲಿ ಆಗಿದ್ದು ದೋಣೀಲೇ ಇರ್ಲಿ. ನಾವು ಮನೆ ಮುಟ್ಟಿಸಿದೋರನ್ನ ನಾವೇ ಬೀದೀಲಿ ನಿಲ್ಲಿಸಬಾರ್ದು.”

*

ಮಸೀದಿಯ ಮುಂದೆ ಗಾಳಿ ತಗ್ಗಿತು. ಶಾಝ್ಲಿಯ ನಾಲಿಗೆಯ ತುದಿಯಲ್ಲಿ ಆ ಚಹಾ ಇತ್ತು. ಒಂದೇ ಮಾತು ಸಾಕು, ಈ ನಾಯಿಯನ್ನು ಸಾಯುವವರೆಗೂ ದೋಣಿಕಟ್ಟೆಯ ಜನ ನಗೆಯಲ್ಲೇ ಹೂಳುತ್ತಿದ್ದರು.

“ಹೇಳೋ ಮಗಾ, ಯಾವ ದಾರ?” ಎಂದ ಗಾಬಿರ್.

ಶಾಝ್ಲಿ ಝಗ್ಲೂಲ್‌ನನ್ನೇ ದಿಟ್ಟಿಸಿದ. ಝಗ್ಲೂಲ್‌ನ ಕೈ ತಾನಾಗಿಯೇ ಅಂಗಿಯ ಮುಂಭಾಗವನ್ನು ಮುಚ್ಚಿಕೊಂಡಿತು.

ಶಾಝ್ಲಿ ಬಗ್ಗಿ ಮಂಚದ ಮುಂದಿನ ಹಿಡಿಗೆ ಹೆಗಲು ಕೊಟ್ಟ. ಹಿಂದೆ ಗಾಬಿರ್‌ನ ಇಬ್ಬರು ಮಕ್ಕಳೂ ಹೆಗಲು ಕೊಟ್ಟರು. ಝಗ್ಲೂಲ್‌ನನ್ನು ದಾಟಿ ಶಾಝ್ಲಿ ಗೋರಿಯ ಕಡೆ ನಡೆದ. ಜೇಬಿನಲ್ಲಿದ್ದ ಅಪ್ಪನ ಸೀಸದ ಗುಂಡು ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು.